ಒಂದು ಡಬ್ಬಿ, ಮೂರು ಸಂಗ್ರಹ: ಯಾವ ನಾಣ್ಯ ಒಳಗೆ, ಯಾವುದು ಹೊರಗೆ

ದಾವಣಗೆರೆಯ ಹಳೇಪೇಟೆಯಲ್ಲಿರುವ ನಮ್ಮ ಸೋದರತ್ತೆಯ ಮನೆಯ ಅಟ್ಟದಿಂದ ಕೆಲವು ವರ್ಷಗಳ ಹಿಂದೆ ಒಂದು ತಗಡಿನ ಡಬ್ಬಿ ಕೆಳಗಿಳಿಯಿತು. ಒಂದು ಕಾಲಕ್ಕೆ ಆ ಮನೆಯ ಮುಂಭಾಗದಲ್ಲಿ ದಿನಸಿ ಅಂಗಡಿಯಿತ್ತು. ಗಲ್ಲಾಪೆಟ್ಟಿಗೆಗೆ ಬಂದು, ಮತ್ತೆ ಯಾರೂ ತೆಗೆದುಕೊಳ್ಳದೆ ಉಳಿದ ಬಿಲ್ಲೆಗಳನ್ನೆಲ್ಲ ಮಾವನವರ ತಂದೆ ಅದರಲ್ಲಿ ಹಾಕಿಡುತ್ತಿದ್ದರಂತೆ. ಚಾಪೆಯ ಮೇಲೆ ಸುರಿದು ಎಣಿಸಿದಾಗ 63 ನಾಣ್ಯಗಳಿದ್ದವು. ನನಗೆ ಈ ಹವ್ಯಾಸವಿರುವುದು ಗೊತ್ತಿದ್ದ ಅತ್ತೆ, "ಇದ್ರಾಗೆ ಇಟ್ಕಳದು ಯಾವ್ದು, ಬಿಡದು ಯಾವ್ದಪ್ಪ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ತೀರಾ ಚುಟುಕಾಗಿತ್ತು. ಸರಿಯಾಗಿ ಹೇಳಬೇಕಾದರೆ ಇಷ್ಟು ಬರೆಯಬೇಕಾಗುತ್ತದೆ.

ನಾಣ್ಯ ಸಂಗ್ರಹಿಸುವವರು ಹಳೆಯದನ್ನು ಇಟ್ಟುಕೊಂಡು ಹೊಸದನ್ನು ಬಿಡುತ್ತಾರೆ ಎಂಬುದು ಸಾಮಾನ್ಯ ಊಹೆ. ಬೆಲೆಬಾಳುವುದನ್ನು ಇಟ್ಟುಕೊಳ್ಳುತ್ತಾರೆ ಎಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ಊಹೆ. ಎರಡೂ ಅರ್ಧ ಸತ್ಯಗಳು. ಸಾವಿರ ವರ್ಷ ಹಳೆಯದಾದ ರಾಜರಾಜ ಚೋಳನ ತಾಮ್ರದ ಕಾಸು ಇಂದಿಗೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಏಕೆಂದರೆ ಅಂಥವು ರಾಶಿರಾಶಿಯಾಗಿ ಉಳಿದುಬಂದಿವೆ. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿಗೆ ಇನ್ನೂ ನೂರು ವರ್ಷ ತುಂಬಿಲ್ಲ, ಆದರೂ ಅದರ ಬೆಲೆ ಕೇಳಿದರೆ ಬೆವರು ಬರುತ್ತದೆ. ಯುದ್ಧಕಾಲದಲ್ಲಿ ರೂಪಾಯಿಯಲ್ಲಿನ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಭಾಗದಿಂದ, ಅಂದರೆ ಶೇಕಡಾ 91.7ರಿಂದ, ಅರ್ಧಕ್ಕೆ ಇಳಿಸುವ ಮುನ್ನ ಹಳೆಯ ಪ್ರಮಾಣದಲ್ಲಿ ಅಚ್ಚಾದ ಕೊನೆಯ ರೂಪಾಯಿ ಅದು, ಮತ್ತು ಜನರ ಕೈಗೆ ಬಂದದ್ದು ಬಹಳ ಕಡಿಮೆ. ಹೀಗಾಗಿ ವಯಸ್ಸಿಗೂ ಬೆಲೆಗೂ ನೇರ ಸಂಬಂಧವಿಲ್ಲ. ಬೆಲೆಗೂ ಸಂಗ್ರಹಕ್ಕೂ ಇರುವ ಸಂಬಂಧ ಇನ್ನೂ ದೂರದ್ದು.

ಸಂಗ್ರಹಕಾರರು ಮೊದಲು ಮಾಡುವ ಕೆಲಸವೆಂದರೆ ಎಲ್ಲೆ ಹಾಕಿಕೊಳ್ಳುವುದು. ಜಗತ್ತಿನ ನಾಣ್ಯಗಳನ್ನೆಲ್ಲ ಒಬ್ಬರು ಕೂಡಿಹಾಕಲು ಆಗದು. ಹಾಗೆ ಹೊರಟವರ ಮನೆಯಲ್ಲಿ ಕೊನೆಗೆ ಉಳಿಯುವುದು ಅತ್ತೆಯ ಮನೆಯಲ್ಲಿದ್ದಂಥ ಡಬ್ಬಿಯೇ, ಸ್ವಲ್ಪ ದೊಡ್ಡದು ಅಷ್ಟೆ. ಎಲ್ಲೆ ಎನ್ನುವುದು ಒಂದು ಪ್ರಶ್ನೆಯ ರೂಪದಲ್ಲಿದ್ದರೆ ಕೆಲಸ ಸುಲಭ. ಎದುರಿಗಿರುವ ನಾಣ್ಯ ಆ ಪ್ರಶ್ನೆಗೆ ಏನಾದರೂ ಉತ್ತರ ಹೇಳುತ್ತದೆಯೇ ಎಂದು ನೋಡಿದರೆ ಸಾಕು. ಅದೇ ಡಬ್ಬಿಯನ್ನು ಮೂರು ಬೇರೆ ಬೇರೆ ಪ್ರಶ್ನೆ ಹಿಡಿದು ನೋಡಿದಾಗ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಏಕೆಂದರೆ ಆ ದಿನ ಚಾಪೆಯ ಸುತ್ತ ನಾವು ಮೂವರು ಕುಳಿತಿದ್ದೆವು: ಹೈಸ್ಕೂಲಿನಲ್ಲಿ ಓದುತ್ತಿದ್ದ ಅತ್ತೆಯ ಮೊಮ್ಮಗಳು, ಕನ್ನಡ ಮೇಷ್ಟರಾಗಿ ನಿವೃತ್ತರಾದ ನನ್ನ ಸ್ನೇಹಿತರು ಮತ್ತು ನಾನು.

ಹುಡುಗಿಯ ಪ್ರಶ್ನೆ ಸರಳವಾಗಿತ್ತು. ಸ್ವತಂತ್ರ ಭಾರತದ ಚಿಲ್ಲರೆ ಹೇಗೆ ಬದಲಾಯಿತು? ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಬಗೆಗೊಂದರಂತೆ ನಾಣ್ಯ ಇಟ್ಟುಕೊಳ್ಳುತ್ತಾರೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು, 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. ಹಳೆಯ ಪೈಸೆಗೂ ಹೊಸ ಪೈಸೆಗೂ ಗೊಂದಲವಾಗದಿರಲೆಂದು ನಾಣ್ಯದ ಮೇಲೆ 'ನಯಾ ಪೈಸಾ' ಎಂದು ಬರೆದರು. ಅಷ್ಟೇ ಅಲ್ಲ, ಅದು ರೂಪಾಯಿಯ ಎಷ್ಟನೆಯ ಭಾಗ ಎಂಬುದನ್ನೂ ಹಿಂದಿಯಲ್ಲಿ ಅಚ್ಚು ಹಾಕಿದರು. ಒಂದು ಪೈಸೆಯ ಮೇಲೆ 'ರೂಪಾಯಿಯ ನೂರನೆಯ ಭಾಗ' ಎಂಬ ಅರ್ಥದ ಸಾಲಿದೆ. ಜನ ಲೆಕ್ಕ ಕಲಿತ ಮೇಲೆ, 1964ರ ಜೂನ್ 1ರಿಂದ 'ನಯಾ' ಎಂಬ ಪದ ಬಿದ್ದುಹೋಯಿತು. ಆ ಏಳು ವರ್ಷಗಳ 1, 2, 5, 10, 25 ಮತ್ತು 50 ನಯಾ ಪೈಸೆಗಳು ಸೇರಿದರೆ ಆರು ನಾಣ್ಯಗಳ ಒಂದು ಪುಟ್ಟ ಗುಂಪು ಮುಗಿಯುತ್ತದೆ. ಅದರ ಮುಂದಿನ ಸಾಲಿಗೆ 1964ರಲ್ಲಿ ಬಂದ 3 ಪೈಸೆ, 1968ರಲ್ಲಿ ಬಂದ ಕಮಲದ 20 ಪೈಸೆ ಸೇರಿಕೊಳ್ಳುತ್ತವೆ. ಎಳೆಯರಿಗೆ ಇಂಥ ಮುಗಿಯುವ ಗುಂಪನ್ನೇ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಮುಗಿಯದ ಸಂಗ್ರಹ ಮಕ್ಕಳನ್ನು ಬೇಸರಗೊಳಿಸುತ್ತದೆ, ದೊಡ್ಡವರನ್ನು ಸಾಲಕ್ಕೆ ತಳ್ಳುತ್ತದೆ.

ಇದೇ ಪ್ರಶ್ನೆಯನ್ನು ಇನ್ನೂ ಬಿಗಿಯಾಗಿ ಹಿಡಿದವರು ಬಗೆಗೊಂದರ ಬದಲು ವರ್ಷಕ್ಕೊಂದು, ಟಂಕಸಾಲೆಗೊಂದು, ಅಂದರೆ ನಾಣ್ಯ ಅಚ್ಚಾಗುವ ಜಾಗಕ್ಕೊಂದು ಎಂದು ಇಡುತ್ತಾರೆ. ನಮ್ಮ ಜೇಬಿನಲ್ಲಿರುವ ನಾಣ್ಯದಲ್ಲಿ ಇಸವಿಯ ಕೆಳಗೆ ಕಣ್ಣಿಟ್ಟು ನೋಡಿದರೆ ಒಂದು ಸಣ್ಣ ಗುರುತು ಕಾಣುತ್ತದೆ. ವಜ್ರದಾಕೃತಿಯಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಗುಂಡನೆಯ ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಇಷ್ಟು ತಿಳಿದ ಮೇಲೆ, ನೋಡಲು ಒಂದೇ ಥರ ಇರುವ ನಾಲ್ಕು ರೂಪಾಯಿಗಳು ನಾಲ್ಕು ಬೇರೆ ನಾಣ್ಯಗಳಾಗುತ್ತವೆ. ಡಬ್ಬಿಯಲ್ಲಿ ಒಂದೇ ಬಗೆಯ ಹನ್ನೊಂದು ಚಾರಾಣೆಗಳಿದ್ದವು. ಬಗೆಗೊಂದು ಎನ್ನುವವರಿಗೆ ಅದರಲ್ಲಿ ಹತ್ತು ಹೆಚ್ಚಿನವು. ವರ್ಷ ಮತ್ತು ಟಂಕಸಾಲೆ ನೋಡುವವರಿಗೆ ಹೆಚ್ಚಿನವು ಮೂರೇ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರ ಬಳಿಕ ಚಲಾವಣೆಯಲ್ಲಿ ಉಳಿಯಲಿಲ್ಲವಾದ್ದರಿಂದ ಆ ಹೆಚ್ಚಿನವನ್ನು ಅಂಗಡಿಗೆ ಕೊಡುವ ಹಾಗೂ ಇರಲಿಲ್ಲ. ಹುಡುಗಿ ಗೆಳತಿಯರಿಗೆ ಹಂಚಿದಳು.

ಮೇಷ್ಟರ ಪ್ರಶ್ನೆ ಬೇರೆ: ಕನ್ನಡ ಅಕ್ಷರ ಯಾವ ನಾಣ್ಯದ ಮೇಲಿದೆ? ಕೇಳಲು ಸುಲಭ, ಹುಡುಕಲು ಕಷ್ಟ. ಬ್ರಿಟಿಷರ ಕಾಲದ ಒಂದಾಣೆ ಬಿಲ್ಲೆಯ ಮೇಲೆ ಬೆಲೆಯನ್ನು ಉರ್ದು, ನಾಗರಿ, ಬಂಗಾಳಿ ಮತ್ತು ತೆಲುಗಿನಲ್ಲಿ ಬರೆದಿದ್ದಾರೆ, ಕನ್ನಡದಲ್ಲಿಲ್ಲ. ಆದ್ದರಿಂದ ಅವರು ಡಬ್ಬಿಯ ಆಣೆಗಳನ್ನೆಲ್ಲ ಒಂದೇ ನೋಟಕ್ಕೆ ಪಕ್ಕಕ್ಕೆ ಸರಿಸಿದರು. ಅವರ ಬೆರಳು ನಿಂತದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಸಿಂಹವಿರುವ ತಾಮ್ರದ 20 ಕಾಸಿನ ಮೇಲೆ. ಒಂದೇ ನಾಣ್ಯದಲ್ಲಿ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಲಿಪಿಗಳಿರುವುದು ಅದರ ವಿಶೇಷ. ಭೂತಗನ್ನಡಿ ಹಿಡಿದರೆ 'ಮಯಿಲಿ ಕಾಸು' ಎಂಬ ಅಕ್ಷರಗಳನ್ನು ನಿಧಾನವಾಗಿ ಓದಬಹುದು. ಅವರ ಕನಸಿನ ನಾಣ್ಯ ಮಾತ್ರ ಡಬ್ಬಿಗೆ ಬರುವಂಥದ್ದಲ್ಲ. ಹೊಯ್ಸಳ ವಿಷ್ಣುವರ್ಧನನ ಕಾಲದ, ಸುಮಾರು 4 ಗ್ರಾಂ ತೂಕದ ಚಿನ್ನದ ಗದ್ಯಾಣದ ಮೇಲೆ ಹಳಗನ್ನಡ ಲಿಪಿಯಲ್ಲಿ 'ಶ್ರೀ ತಲಕಾಡುಗೊಂಡ' ಎಂದಿದೆ, ಇನ್ನೊಂದು ಬಗೆಯ ಮೇಲೆ 'ಶ್ರೀ ನೊಳಂಬವಾಡಿಗೊಂಡ' ಎಂದಿದೆ. ನೊಳಂಬವಾಡಿ ಎಂದರೆ ಇಂದಿನ ಚಿತ್ರದುರ್ಗ, ದಾವಣಗೆರೆ ಮತ್ತು ಸುತ್ತಣ ಸೀಮೆ. ನಮ್ಮ ನೆಲವನ್ನು ಗೆದ್ದುಕೊಂಡ ಸುದ್ದಿಯನ್ನು ಗೆದ್ದವನು ಚಿನ್ನದ ಮೇಲೆ ಅಚ್ಚು ಹಾಕಿಸಿ ಹಂಚಿದ್ದಾನೆ. ಸೋತವರ ಊರಿನ ಮೇಷ್ಟರು ಒಂಬೈನೂರು ವರ್ಷಗಳ ಬಳಿಕ ಅದರ ಚಿತ್ರವನ್ನು ಕತ್ತರಿಸಿ ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದಾರೆ. ಕೊಳ್ಳಲಾಗದ ನಾಣ್ಯಕ್ಕೂ ಸಂಗ್ರಹದಲ್ಲಿ ಜಾಗ ಬಿಟ್ಟಿಡುವುದು ವಿಚಿತ್ರವೆನಿಸಬಹುದು, ಆದರೆ ಆ ಖಾಲಿ ಜಾಗ ಉಳಿದ ನಾಣ್ಯಗಳ ಅರ್ಥವನ್ನು ತಿಳಿಸುತ್ತದೆ ಎಂಬುದು ಅವರ ವಾದ, ಮತ್ತು ನನಗೆ ಅದು ಒಪ್ಪಿಗೆ.

ನನ್ನ ಪ್ರಶ್ನೆಯೆಂದರೆ ದುರ್ಗದ ಸೀಮೆಯಲ್ಲಿ ಯಾವ ನಾಣ್ಯ ಹುಟ್ಟಿತು, ಯಾವುದು ಓಡಾಡಿತು ಎಂಬುದು. ಡಬ್ಬಿಯಲ್ಲಿ ಎರಡು ಆನೆಕಾಸುಗಳಿದ್ದವು. ಎರಡೂ ಟಿಪ್ಪುವಿನ ಕಾಲದ ತಾಮ್ರದ ಪೈಸೆಗಳು, ತಲಾ ಸುಮಾರು 11 ಗ್ರಾಂ. ಮೊದಲನೆಯದರ ಆನೆ ಚೊಕ್ಕವಾಗಿತ್ತು. ಸೊಂಡಿಲು, ಬಾಲ, ಕಾಲಿನ ಉಗುರಿನವರೆಗೆ ಎಲ್ಲ ಸ್ಪಷ್ಟ. ಎರಡನೆಯದರ ಆನೆಯ ಬೆನ್ನು ಸವೆದು ಬಂಡೆಯಂತಾಗಿತ್ತು, ತಲೆಯಂತೂ ಅಚ್ಚಿನ ಅಂಚಿನಿಂದಾಚೆ ಹೋಗಿತ್ತು. ಯಾವ ವ್ಯಾಪಾರಿಯಾದರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಿದ್ದ. ನಾನು ಎತ್ತಿಕೊಂಡದ್ದು ಎರಡನೆಯದನ್ನು.

ಕಾರಣ ಹಿಂಬದಿಯಲ್ಲಿತ್ತು. ಟಿಪ್ಪುವಿನ ಪೈಸೆಗಳ ಒಂದು ಮುಖದಲ್ಲಿ ಆನೆಯಿದ್ದರೆ ಇನ್ನೊಂದು ಮುಖದಲ್ಲಿ ಪಾರಸಿ ಲಿಪಿಯಲ್ಲಿ 'ಜರ್ಬ್' ಎಂಬ ಪದ, ಅಂದರೆ 'ಅಚ್ಚಾದದ್ದು', ಮತ್ತು ಅದರ ಜೊತೆಗೆ ಟಂಕಸಾಲೆಯ ಹೆಸರು ಇರುತ್ತದೆ. 'ಪಟನ್' ಎಂದಿದ್ದರೆ ಶ್ರೀರಂಗಪಟ್ಟಣ. ಅದು ರಾಜಧಾನಿಯಾದ್ದರಿಂದ ಅಲ್ಲಿನ ನಾಣ್ಯಗಳೇ ಹೆಚ್ಚು, ಮೊದಲನೆಯದೂ ಅಲ್ಲಿಯದೇ. 'ನಗರ್' ಎಂದರೆ ಬಿದನೂರು. ಟಿಪ್ಪು ಹಲವು ಊರುಗಳಿಗೆ ಹೊಸ ಹೆಸರು ಕೊಟ್ಟಿದ್ದರಿಂದ ಓದುವವರಿಗೆ ಒಂದು ಪಟ್ಟಿ ಜೊತೆಗಿರಬೇಕಾಗುತ್ತದೆ: ಧಾರವಾಡ 'ಖುರ್ಷೀದ್ ಸವಾದ್' ಆಗಿತ್ತು, ಗುತ್ತಿ 'ಫೈಜ್ ಹಿಸಾರ್' ಆಗಿತ್ತು, ಚಿತ್ರದುರ್ಗ 'ಫರ್ರುಖ್‌ಯಾಬ್ ಹಿಸಾರ್' ಆಗಿತ್ತು. ಹಿಸಾರ್ ಎಂದರೆ ಕೋಟೆ. 1779ರಲ್ಲಿ ಹೈದರಾಲಿಯು ಮದಕರಿ ನಾಯಕನಿಂದ ದುರ್ಗವನ್ನು ಕಸಿದುಕೊಂಡ ಬಳಿಕ, ಅವನ ಮಗನ ಆಳ್ವಿಕೆಯಲ್ಲಿ ನಾಣ್ಯಗಳ ಮೇಲೆ ದುರ್ಗ ಈ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ನನ್ನ ತಲೆಯಿಲ್ಲದ ಆನೆಯ ಹಿಂದೆ 'ಹಿಸಾರ್' ಪೂರ್ತಿಯಾಗಿ, 'ಫರ್ರುಖ್‌ಯಾಬ್' ಮುಕ್ಕಾಲು ಭಾಗ ಉಳಿದಿತ್ತು. ಅದನ್ನು ಓದಲು ನನಗೆ ಎರಡು ಸಂಜೆ ಹಿಡಿಯಿತು, ಪಾರಸಿ ಬಲ್ಲ ಪರಿಚಿತರೊಬ್ಬರ ಸಹಾಯವೂ ಬೇಕಾಯಿತು.

ಇಸವಿಯಲ್ಲೂ ಒಂದು ಸಿಕ್ಕಿದೆ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಶಕೆಯನ್ನು ಜಾರಿಗೆ ತಂದ. ಆಗಿನಿಂದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1218 ಎಂಬ ಇಸವಿ ನಾಣ್ಯದ ಮೇಲೆ 8121 ಎಂಬಂತೆ ಕಾಣುತ್ತದೆ. ಅದು ಕ್ರಿ.ಶ. 1790ರ ಆಸುಪಾಸು. ನಾಣ್ಯಗಳಿಗೆ ಅವನು ಹೆಸರನ್ನೂ ಇಟ್ಟ: ಪೈಸೆಗೆ ಶುಕ್ರಗ್ರಹದ 'ಜೊಹ್ರಾ', ಅರ್ಧ ಪೈಸೆಗೆ ಮಂಗಳನ 'ಬಹ್ರಾಮ್', ಕಾಲು ಪೈಸೆಗೆ ನಕ್ಷತ್ರವೆಂಬ ಅರ್ಥದ 'ಅಖ್ತರ್'. ಆನೆ ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ, ಬಾಲ ಎತ್ತಿದೆಯೋ ಇಳಿಬಿಟ್ಟಿದೆಯೋ, ಅದರ ಮೇಲೆ ಅಕ್ಷರವೇನಾದರೂ ಇದೆಯೋ ಎಂದು ಬಿಡಿಸಿ ನೋಡುತ್ತಾ ಹೋದರೆ ಆನೆಕಾಸುಗಳೊಂದೇ ಒಬ್ಬರ ಜೀವಮಾನಕ್ಕೆ ಸಾಕು. ಅಷ್ಟು ದೂರ ಹೋಗುವ ತಾಳ್ಮೆ ನನಗಿಲ್ಲ. ಕೋಟೆಯೊಳಗೆ ಇಂದಿಗೂ ಟಂಕಸಾಲೆ ಎಂದು ತೋರಿಸುವ ಮಣ್ಣಿನ ಗೋಡೆಗಳ ಆವರಣವಿದೆಯಲ್ಲ, ಅಲ್ಲಿ ನಿಂತಾಗ ಅಂಗೈಯಲ್ಲಿ ಇಡಬಹುದಾದ ಒಂದು ದುರ್ಗದ ಕಾಸು ನನಗೆ ಬೇಕಿತ್ತು, ಅದು ಸಿಕ್ಕಿತು.

ಎಲ್ಲೆಯೊಳಗೆ ಬಂದ ನಾಣ್ಯವೆಲ್ಲ ಸಂಗ್ರಹಕ್ಕೆ ಸೇರುತ್ತದೆ ಎಂದಲ್ಲ, ಅದು ಅಸಲಿಯಾಗಿಯೂ ಇರಬೇಕು. ಡಬ್ಬಿಯಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818' ಎಂದು ಬರೆದ, ರಾಮ, ಸೀತೆ, ಲಕ್ಷ್ಮಣ, ಆಂಜನೇಯರಿರುವ ದೊಡ್ಡ ಬಿಲ್ಲೆಯೊಂದಿತ್ತು. ಇಂಥವು ಜಾತ್ರೆಗಳಲ್ಲಿ, ಬಸ್‌ಸ್ಟ್ಯಾಂಡಿನ ಪಕ್ಕದ ಚಾಪೆ ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತವೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಅದರ ಅರ್ಧ ಆಣೆ ಇರುವುದು 1835 ಮತ್ತು 1845ರ ಇಸವಿಯಲ್ಲಿ ಮಾತ್ರ, ಮೇಲೆ ದೇವರ ಚಿತ್ರವಿಲ್ಲ. ಈ ತಿಳಿವಳಿಕೆ ಬರುವ ಮುನ್ನ ನಾನೇ ಒಂದು ಜಾತ್ರೆಯಲ್ಲಿ ಅಂಥದ್ದಕ್ಕೆ 400 ರೂಪಾಯಿ ಕೊಟ್ಟು, ಮನೆಗೆ ಬಂದು ಊದುಬತ್ತಿ ಬೆಳಗಿದ್ದೇನೆ. ದೇವಸ್ಥಾನಗಳಿಗೆ ಹೋದವರು ತರುತ್ತಿದ್ದ ರಾಮಟಂಕಿಯ ಮಾತು ಬೇರೆ. ಅದು ಹಣವೆಂದು ಸುಳ್ಳು ಹೇಳುವುದಿಲ್ಲ; ಪೂಜೆಯ ವಸ್ತುವಾಗಿಯೇ ಹುಟ್ಟಿದ್ದು, ಆದ್ದರಿಂದ ಅದನ್ನೇ ಸಂಗ್ರಹಿಸುವವರಿಗೆ ಅದು ಪೂರ್ತಿ ಅಸಲಿ.

ಬೆಳ್ಳಿ ರೂಪಾಯಿಗಳ ಪರೀಕ್ಷೆಗೆ ಮನೆಯಲ್ಲೇ ಕೆಲವು ದಾರಿಗಳಿವೆ. ಹಳೆಯ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ, ಅಂದರೆ 11.66 ಗ್ರಾಂ, ಅಂಗಡಿಯವರು ಅದನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದದ್ದು ಸುಮ್ಮನೆ ಅಲ್ಲ. ಸವೆದಿದ್ದರೆ ತುಸು ಕಡಿಮೆ ಬರಬಹುದು, ಹೆಚ್ಚು ಬಂದರೆ ಅನುಮಾನಿಸಬೇಕು. ಬೆಳ್ಳಿಯ ರೂಪಾಯಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿ ಅಂಟಿದರೆ ಗಾಬರಿಯಾಗಬೇಕಿಲ್ಲ, ಅದು ನಿಕ್ಕಲ್‌ನದು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಬೆಸುಗೆಯ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಸಾಬೂನು ಕರಗಿದಂತಹ ಅಕ್ಷರಗಳು ಕಾಣುತ್ತವೆ. ಹೆಚ್ಚಿನ ಬೆಲೆಯದಾದರೆ ಇಷ್ಟಕ್ಕೇ ನಂಬದೆ ಬಲ್ಲವರಿಗೆ ತೋರಿಸುವುದೇ ಸರಿ.

ಅಸಲಿ ನಾಣ್ಯವನ್ನೂ ಕೈಬಿಡಬೇಕಾದ ಒಂದು ಸಂದರ್ಭವಿದೆ, ಮತ್ತು ನಮ್ಮ ಜಿಲ್ಲೆಗಳಲ್ಲಿ ಅದು ಆಗಾಗ ಎದುರಾಗುತ್ತದೆ. ಹೊಲ ಉಳುವಾಗಲೋ ನಿಧಿಯ ಆಸೆಗೆ ಅಗೆದಾಗಲೋ ಸಿಕ್ಕಿದ್ದೆಂದು ಹೇಳಿ, ಮಣ್ಣು ಮೆತ್ತಿದ ನಾಣ್ಯಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುವವರಿದ್ದಾರೆ. ನೆಲದೊಳಗಿನ ನಿಧಿಯ ಬಗ್ಗೆ 1878ರಷ್ಟು ಹಿಂದೆಯೇ ಕಾಯ್ದೆಯಾಗಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಸಿಕ್ಕವರು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಇನ್ನೊಂದು ಕಾರಣ ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲೇ ಇದೆ. ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು, ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ಶಾತವಾಹನರ ನಾಣ್ಯಗಳೂ, ಮಹಾರಥಿಗಳೆಂಬ ಸ್ಥಳೀಯ ಒಡೆಯರ, ಡುಬ್ಬದ ಗೂಳಿಯಿರುವ ಸೀಸದ ನಾಣ್ಯಗಳೂ, ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ದೊರೆತವು. ಟೈಬೀರಿಯಸ್ ಸತ್ತದ್ದು ಕ್ರಿ.ಶ. 37ರಲ್ಲಿ. ಅವನ ನಾಣ್ಯ ಯಾವ ಪದರದಲ್ಲಿತ್ತು, ಅದರೊಂದಿಗೆ ಎಂಥ ಮಡಕೆಚೂರುಗಳಿದ್ದವು ಎಂಬುದನ್ನು ಬರೆದಿಟ್ಟದ್ದರಿಂದ ಆ ಪದರಕ್ಕೂ ಮಡಕೆಗಳಿಗೂ ಒಂದು ಕಾಲ ದೊರೆಯಿತು. ಅದೇ ನಾಣ್ಯ ಗುದ್ದಲಿಯ ಬಾಯಿಗೆ ಸಿಕ್ಕಿ ಬಟ್ಟೆಗಂಟಿನಲ್ಲಿ ನನ್ನ ಮನೆಗೆ ಬಂದಿದ್ದರೆ, ರೋಮಿನ ಬೆಳ್ಳಿ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳುತ್ತಿರಲಿಲ್ಲ. ಆದ್ದರಿಂದ ಬಟ್ಟೆಗಂಟಿನವರು ಬಂದಾಗ ನಾನು ಕಾಫಿ ಕೊಟ್ಟು ಕಳಿಸುತ್ತೇನೆ, ಗಂಟು ಬಿಚ್ಚಿಸುವುದಿಲ್ಲ. ಬಿಚ್ಚಿಸಿದರೆ ಆಸೆಯಾಗುತ್ತದೆ ಎಂಬ ಭಯವೂ ಇದೆ.

ಇನ್ನು ನಾಣ್ಯದ ಸ್ಥಿತಿಯ ವಿಚಾರ. ಚಲಾವಣೆಯಾಗದ ಹೊಸ ಹೊಳಪಿನಿಂದ ಹಿಡಿದು ಅಕ್ಷರ ಅಳಿಸಿಹೋದದ್ದರವರೆಗೆ ವ್ಯಾಪಾರಿಗಳು ದರ್ಜೆ ಕಟ್ಟುತ್ತಾರೆ, ಒಂದು ದರ್ಜೆ ಮೇಲೇರಿದರೆ ಬೆಲೆ ಹಲವು ಪಟ್ಟಾಗುವುದುಂಟು. ಸುಲಭವಾಗಿ ಸಿಗುವ ನಾಣ್ಯವಾದರೆ ಒಳ್ಳೆಯ ಸ್ಥಿತಿಯದಕ್ಕೆ ಕಾಯುವುದು ಸರಿ. ಅಪರೂಪದ್ದಾದರೆ ಸವೆದದ್ದನ್ನೂ ಸ್ವೀಕರಿಸಬೇಕು. ಏನೇ ಆದರೂ ತೊಳೆಯಬಾರದು. ಹೈಸ್ಕೂಲಿನಲ್ಲಿದ್ದಾಗ ನಾನು ಅಜ್ಜಿಯ ತೂತುಕಾಸೊಂದನ್ನು, ತಾಮ್ರ ಉಳಿಸಲೆಂದು 1943ರಿಂದ 1947ರವರೆಗೆ ನಡುವೆ ತೂತಿಟ್ಟು ಹೊರಡಿಸಿದ ಕಾಸಿನಲ್ಲೊಂದನ್ನು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ. ಹತ್ತು ನಿಮಿಷ ಹೊಸ ಚೊಂಬಿನಂತೆ ಹೊಳೆಯಿತು. ವಾರದೊಳಗೆ ಕೆಂಪುಕಪ್ಪಾಗಿ ಮಚ್ಚೆಮಚ್ಚೆಯಾಯಿತು. ಅಷ್ಟು ವರ್ಷಗಳಲ್ಲಿ ತಾಮ್ರ ತಾನಾಗಿ ಕಟ್ಟಿಕೊಂಡ ಕಂದು ಪದರವೇ ಅದರ ರಕ್ಷೆ. ತೆಗೆದರೆ ಮತ್ತೆ ಬರುವುದಿಲ್ಲ.

ಬೆಲೆಯ ಬಗ್ಗೆ ಒಂದೇ ಮಾತು. ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ತೆರಿಗೆ ಇಲ್ಲವೇ ಕಮಿಷನ್ ಕಟ್ಟಿ ಎಂದು ಬರುವ ಕರೆಗಳು ಮೋಸದವು. ತನ್ನ ಹೆಸರು ಹೇಳಿಕೊಂಡು ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ.

ಮೂವರೂ ಆರಿಸಿಕೊಂಡ ಮೇಲೆ ಚಾಪೆಯ ಮೇಲೆ ಉಳಿದವುಗಳಲ್ಲಿ ವಿಕ್ಟೋರಿಯಾ ರಾಣಿಯ ಒಂದು ರೂಪಾಯಿಯಿತ್ತು. ಅದರ ತಲೆಯ ಮೇಲೆ ಬೆಳ್ಳಿಯ ಕೊಂಡಿ ಬೆಸೆದಿತ್ತು, ಮುಖ ನುಣ್ಣಗೆ ಸವೆದು ಮೂಗು ಮಾತ್ರ ಉಳಿದಿತ್ತು. ಕೊಂಡಿ ಹಾಕಿದ ನಾಣ್ಯವನ್ನು ವ್ಯಾಪಾರಿಗಳು ಕೆಟ್ಟದ್ದೆಂದೇ ಲೆಕ್ಕ ಹಾಕಿ ಬೆಳ್ಳಿಯ ತೂಕಕ್ಕೆ ಕೇಳುತ್ತಾರೆ. ಬಗೆ ನೋಡುವ ಹುಡುಗಿಗೆ ಅದು ಬೇಕಿರಲಿಲ್ಲ, ಕನ್ನಡವಿಲ್ಲದ್ದರಿಂದ ಮೇಷ್ಟರಿಗೂ ಬೇಕಿರಲಿಲ್ಲ. ದುರ್ಗದಲ್ಲಿ ಹುಟ್ಟಿದ್ದಲ್ಲವಾದ್ದರಿಂದ ನಾನೂ ಸರಿಸಿಟ್ಟಿದ್ದೆ. ಆಗ ಅತ್ತೆ ಹೇಳಿದರು: ಸೂರಗೊಂಡನಕೊಪ್ಪದ ಕಡೆಯ ತಾಂಡಾದ ಒಬ್ಬ ಲಂಬಾಣಿ ಹೆಂಗಸು ಬರಗಾಲದ ವರ್ಷ ಜೋಳಕ್ಕೆಂದು ಕೊರಳ ಸರದಿಂದ ಅದನ್ನು ಬಿಚ್ಚಿಕೊಟ್ಟಳಂತೆ, ಮಾವನವರ ತಂದೆ ಮರಳಿ ಬಿಡಿಸಿಕೊಂಡು ಹೋಗಲೆಂದು ಬೇರೆ ಇಟ್ಟಿದ್ದರಂತೆ, ಆಕೆ ಬರಲಿಲ್ಲವಂತೆ. ಹುಟ್ಟಿದ್ದಲ್ಲದಿದ್ದರೂ ಈ ಸೀಮೆಯಲ್ಲಿ ಓಡಾಡಿದ್ದು, ಕೊರಳಿನಿಂದ ಗಲ್ಲಾಪೆಟ್ಟಿಗೆಗೆ ಬಂದದ್ದು. ನನ್ನ ಪ್ರಶ್ನೆಯ ಎರಡನೆಯ ಅರ್ಧವನ್ನು ನಾನೇ ಮರೆತಿದ್ದೆ.

ಅಂದು ಸಂಜೆ ಎರಡು ಚೀಟಿ ಬರೆದೆ. ಆನೆಕಾಸಿನ ಚೀಟಿಯಲ್ಲಿ ಟಂಕಸಾಲೆ, ತೂಕ, ಸಿಕ್ಕ ದಿನ. ರೂಪಾಯಿಯ ಚೀಟಿಯಲ್ಲಿ ಅತ್ತೆ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಇಳಿಸಿದೆ. ಜಾಗ ಸಾಲದೆ ಹಿಂಬದಿಗೂ ಬರೆಯಬೇಕಾಯಿತು.